ಹದಿನೆಂಟು ಹಾಸಿಗೆಯ ದುಗ್ಗಕ್ಕ

ದುಗ್ಗಕ್ಕ ಮಕ್ಕಳ ಪರಿಚಯ ಮಾಡಿಕೊಳ್ಳುವುದು ಮಣಿಕಟ್ಟಿನಿಂದ. ಹೆಸರು ಕೇಳುವ ಮೊದಲೇ ಅವರ ಎರಡು ಬೆರಳು ಮಗುವಿನ ನಾಡಿಯ ಮೇಲೆ ಕೂತಿರುತ್ತವೆ, ಕಣ್ಣು ಗೋಡೆಯ ಗಡಿಯಾರದ ಮೇಲಿರುತ್ತದೆ. "ಯಾವ ಶಾಲೆ? ಟೀಚರ ಹೆಸರೆಂತ? ಪೆಟ್ಟು ಕೊಡ್ತಾರಾ?" ಎಂದು ಬಾಯಿ ಕೇಳುತ್ತಿರುವಾಗ ಬೆರಳು ತನ್ನಷ್ಟಕ್ಕೆ ಎಣಿಸುತ್ತಿರುತ್ತದೆ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಪಕ್ಕದಲ್ಲಿ ಕೂತ ಮಗುವಿನ ಕೈ ಹಿಡಿದುಬಿಡುತ್ತಾರೆ. ತಾಯಂದಿರಿಗೆ ಗಾಬರಿ.

"ಎಂತ ದುಗ್ಗಕ್ಕ, ಜ್ವರ ಉಂಟಾ?"

"ಜ್ವರ ಇಲ್ಲ, ಎಂತದೂ ಇಲ್ಲ. ನನ್ನ ಕೈ ಸುಮ್ಮನೆ ಕೂರುದಿಲ್ಲ, ಅಷ್ಟೆ. ನೀನು ಉಣ್ಣು."

ಕಡಬದ ಪೇಟೆಯಲ್ಲಿರುವ ಹದಿನೆಂಟು ಹಾಸಿಗೆಯ ಆಸ್ಪತ್ರೆಗೆ ಅವರೇ ಹಿರಿಯ ನರ್ಸ್. ಕಟ್ಟಡದ ಕೆಳಗೆ ಬೇಕರಿ ಮತ್ತು ಮದ್ದಿನ ಅಂಗಡಿ, ಮೇಲೆ ಎರಡು ಮಹಡಿ ಆಸ್ಪತ್ರೆ. ಲಿಫ್ಟ್ ಇಲ್ಲ. ಗಾಲಿ ಮಂಚ ತಳ್ಳಲು ಉದ್ದನೆಯ ಇಳಿಜಾರು ಇದೆ. ಬೆಳಿಗ್ಗೆ ಆರಕ್ಕೆ ಬನ್ ಬೇಯುವ ವಾಸನೆ ಹೆರಿಗೆ ವಾರ್ಡಿನವರೆಗೆ ಏರಿ ಬರುತ್ತದೆ. ಈ ಊರಿನ ಎಷ್ಟೋ ಮಕ್ಕಳು ಮೊದಲ ಉಸಿರಿನಲ್ಲಿ ಎಳೆದುಕೊಂಡದ್ದು ಅದನ್ನೇ.

ದುಗ್ಗಕ್ಕ ಹುಟ್ಟಿದ್ದು ಗುತ್ತಿಗಾರಿನಲ್ಲಿ. ಅಜ್ಜಿಯ ಹೆಸರನ್ನೇ ಇಟ್ಟರು. ನರ್ಸಿಂಗ್ ಶಾಲೆಯ ಹಾಜರಿಯಲ್ಲಿ ಶೈಲಜಾ, ಸುಜಾತಾಗಳ ನಡುವೆ 'ದುಗ್ಗಮ್ಮ' ಎಂದು ಕೂಗಿದಾಗ ಇಡೀ ತರಗತಿ ಹಿಂದಕ್ಕೆ ತಿರುಗಿ ಯಾವುದೋ ಮುದುಕಿಯನ್ನು ಹುಡುಕುತ್ತಿತ್ತಂತೆ. ಈಗ ಐವತ್ತೆರಡು. "ಹೆಸರಿಗೆ ಸರಿಯಾದ ಪ್ರಾಯ ಈಗ ಬರ್ತಾ ಉಂಟು" ಎನ್ನುತ್ತಾರೆ.

ಓದು ಮುಗಿಸಿದವರು ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ಐಸಿಯುವಿನಲ್ಲಿ ಒಂಬತ್ತು ವರ್ಷ ದುಡಿದರು. ಮದುವೆಯಾಗಿ ಕಡಬಕ್ಕೆ ಬಂದ ಮೇಲೆ ಇಪ್ಪತ್ತೊಂದು ವರ್ಷ ಇಲ್ಲೇ. ಎಂಟುನೂರು ಹಾಸಿಗೆಯನ್ನೂ ಹದಿನೆಂಟು ಹಾಸಿಗೆಯನ್ನೂ ಒಳಗಿನಿಂದ ಕಂಡವರು ಅವರು. ಹಾಗಾಗಿ ಯಾವುದರ ಬಗ್ಗೆಯೂ ಅವರಿಗೆ ನಾಚಿಕೆಯಿಲ್ಲ, ಯಾವುದರ ಬಗ್ಗೆಯೂ ಭ್ರಮೆಯಿಲ್ಲ.

ಊರಿನವರು ಮಾತ್ರ ಅವರಿಗೆ 'ಕಳಿಸುವ ದುಗ್ಗಕ್ಕ' ಎಂದು ಹೆಸರಿಟ್ಟಿದ್ದಾರೆ. ಹಾವು ಕಚ್ಚಿದವರು, ಇಲಿಜ್ವರದವರು, ಕತ್ತಿ ತಾಗಿಸಿಕೊಂಡವರು, ಹೆರಿಗೆಗೆ ಬಂದವರು ನೂರಕ್ಕೆ ತೊಂಬತ್ತೆಂಟು ಮಂದಿ ಇಲ್ಲೇ ಗುಣವಾಗಿ ಬೇಕರಿಯಲ್ಲಿ ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಉಳಿದ ಇಬ್ಬರನ್ನು ಮಂಗಳೂರಿಗೆ ಕಳಿಸಿದ್ದು ಮಾತ್ರ ಸಂತೆಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಮಾತಾಗುತ್ತದೆ. "ಅಲ್ಲಿ ಹೋಗಿ ಎಂತ ಮಾಡುದು? ಆ ದುಗ್ಗಕ್ಕ ಮಂಗಳೂರಿನ ಬಸ್ಸಿಗೆ ಹತ್ತಿಸ್ತಾರೆ." ಆಂಬುಲೆನ್ಸ್ ಓಡಿಸುವ ಜಾಸಿರ್ ಅದನ್ನೇ ತಿರುಗಿಸಿ ಹೇಳುತ್ತಾನೆ: "ದುಗ್ಗಕ್ಕ ಒಂದು ವಾರ ರಜೆ ಹಾಕಿದ್ರೆ ನನ್ನ ಗಾಡಿಯ ಟಯರ್ ಒಂದು ವರ್ಷ ಹೆಚ್ಚು ಬಾಳ್ತದೆ."

ಕಳೆದ ದಸರಾ ರಜೆಯ ಒಂದು ಶುಕ್ರವಾರ ಎಡಮಂಗಲದ ದೇರಣ್ಣನ ಜೀಪು ಆ ಬೇಕರಿಯ ಮುಂದೆ ನಿಂತದ್ದು ಬೆಳಿಗ್ಗೆ ಹತ್ತೂವರೆಗೆ. ಜೀಪಿನಲ್ಲಿ ಒಂಬತ್ತು ಜನ. ಮುಂದೆ ದೇರಣ್ಣ, ಎಪ್ಪತ್ತೆರಡು ವರ್ಷದ ಗಟ್ಟಿ ಆಳು, ಹೆಗಲಲ್ಲಿ ಮುಖ ಒರೆಸುವ ಬೈರಾಸು. ಪಕ್ಕದಲ್ಲಿ ಮಗ ಜಯಪ್ರಕಾಶ್. ಹಿಂದೆ ಸೊಸೆ ಸಮನ್ವಿತಾ, ಅವಳ ಮಡಿಲಲ್ಲಿ ಏಳು ವರ್ಷದ ಮಗಳು ಭವಿತಾ. ಉಳಿದವರು ನೆಂಟರು, ನೆರೆಯವರು. ಯಾರಿಗಾದರೂ ಪೆಟ್ಟಾದರೆ ಆ ಮನೆಯವರು ಯಾರನ್ನೂ ಒಂಟಿಯಾಗಿ ಆಸ್ಪತ್ರೆಗೆ ಕಳಿಸುವವರಲ್ಲ.

"ಒಂದು ಎಕ್ಸ್‌ರೇ ತೆಗೆದು ಕೊಡಿ ದುಗ್ಗಮ್ಮ" ಎಂದರು ದೇರಣ್ಣ. "ಹೆಗಲಿನ ಎಲುಬು ಜಾರಿದ್ದೋ ಅಂತ ನೋಡ್ಲಿಕ್ಕೆ. ಜಾರಿದ್ರೆ ನಮ್ಮ ನಾಟಿ ವೈದ್ಯರು ಕೂರಿಸ್ತಾರೆ. ಎಣ್ಣೆ ಆಗ್ಲೇ ಹಾಕಿ ತಿಕ್ಕಿದ್ದೇವೆ."

ಮಗು ಜೀಪಿನಿಂದ ಇಳಿದು ನಡೆದುಕೊಂಡೇ ಒಳಗೆ ಬಂದಿತು. ಅಳುತ್ತಿರಲಿಲ್ಲ. ಎಡ ಹೆಗಲಿನಿಂದ ಎಣ್ಣೆಯ ಘಾಟು. ಬೆಳಿಗ್ಗೆ ಎಂಟೂವರೆಗೆ ಮನೆಯ ಮುಂದಿನ ಕೆಂಪು ಮುರಕಲ್ಲಿನ ಇಳಿಜಾರಿನಲ್ಲಿ ಸೈಕಲ್ ಬಿಡುವಾಗ ಬಿದ್ದಿದ್ದಳು. ಮೊಣಕಾಲು ತರಚಿದ್ದು ಬಿಟ್ಟರೆ ಹೊರಗೆ ಏನೂ ಇಲ್ಲ. ಎದ್ದು ಬಂದವಳಿಗೆ ಅಜ್ಜ ದೊಡ್ಡ ತುಂಡು ಬೆಲ್ಲ, ಒಂದು ಚೆಂಬು ನೀರು ಕೊಟ್ಟಿದ್ದರು. ಬಿಸಿಲಿನಿಂದ ಬಂದವರಿಗೆ, ಬಿದ್ದವರಿಗೆ, ಹೆದರಿದವರಿಗೆ ಆ ಮನೆಯಲ್ಲಿ ಮೊದಲು ಕೊಡುವುದು ಅದೇ. ಸ್ವಲ್ಪ ಹೊತ್ತಿನ ಮೇಲೆ "ಹೆಗಲು ನೋವು" ಎಂದಳು. ಅಲ್ಲಿಂದ ಎಲ್ಲರೂ ಹೆಗಲನ್ನೇ ಹಿಡಿದುಕೊಂಡರು.

ದುಗ್ಗಕ್ಕನ ಬೆರಳು ಆಗಲೇ ಮಣಿಕಟ್ಟಿನ ಮೇಲಿತ್ತು.

"ಹೆಸರೆಂತ ಪುಟ್ಟಿ?"

"ಭವಿತಾ."

"ಎಷ್ಟನೇ ಕ್ಲಾಸು?"

"ಎರಡು."

"ಸೈಕಲ್ ಯಾರದ್ದು?"

"ನಂದೇ." ಅಷ್ಟು ಹೇಳಿ ಮಗು ಬಾಯಿ ಮುಚ್ಚಿತು. ತನ್ನ ಸೈಕಲಿನ ಬಗ್ಗೆ ಏಳು ವರ್ಷದ ಮಗು ಒಂದೇ ಮಾತಿನಲ್ಲಿ ನಿಲ್ಲಿಸಿದ್ದು ದುಗ್ಗಕ್ಕನಿಗೆ ಸರಿ ಕಾಣಲಿಲ್ಲ. ಗಡಿಯಾರದ ಮುಳ್ಳು ಅರ್ಧ ಸುತ್ತು ಬರುವಷ್ಟರಲ್ಲಿ ನಾಡಿ ಎಪ್ಪತ್ತಮೂರು ಬಡಿದಿತ್ತು. ನಿಮಿಷಕ್ಕೆ ನೂರ ನಲವತ್ತಾರು. ಕೂತಲ್ಲೇ ಕೂತ ಮಗುವಿಗೆ ಅದು ಓಟದ ಲೆಕ್ಕ.

ಮಂಚದ ಮೇಲೆ ಮಲಗಿಸಿ ಫ್ರಾಕ್ ಮೇಲೆತ್ತಿದರು.

"ಅಯ್ಯೋ, ಹೊಟ್ಟೆ ಯಾಕೆ ನೋಡುದು? ನೋವು ಹೆಗಲಿಗಲ್ವಾ?" ಎಂದರು ದೇರಣ್ಣ.

"ಸ್ವಲ್ಪ ತಡೆಯಿರಿ ಮಾವ." ಊರಿನ ಹಿರಿಯ ಗಂಡಸರೆಲ್ಲ ದುಗ್ಗಕ್ಕನಿಗೆ ಮಾವಂದಿರೇ.

ಎಡ ಪಕ್ಕೆಲುಬಿನ ಕೆಳಗೆ ಒಂದು ಸಣ್ಣ ಕೆಂಪು ವೃತ್ತ. ಬಳೆ ಒತ್ತಿದ ಗುರುತಿನಂತೆ ಅಚ್ಚುಕಟ್ಟಾಗಿತ್ತು.

"ಸೈಕಲಿನ ಹ್ಯಾಂಡಲಿಗೆ ರಬ್ಬರ್ ಉಂಟಾ ಜಯಪ್ರಕಾಶ?"

"ಒಂದು ಬದಿಯದ್ದು ಹೋಗಿದೆ ಅಕ್ಕ. ಹಾಕ್ಬೇಕು ಅಂತ ಇದ್ದೆ..." ಆ ವೃತ್ತ ರಬ್ಬರಿಲ್ಲದ ಆ ತುದಿಯದ್ದೆಂದು ಅವನಿಗೂ ಗೊತ್ತಾಗಿತ್ತು.

ಹೊಟ್ಟೆಯ ಎಡಮೇಲ್ಗಡೆ, ಪಕ್ಕೆಲುಬಿನ ಮರೆಯಲ್ಲಿ, ಮಗುವಿನ ಮುಷ್ಟಿಯಷ್ಟೇ ಇರುವ ಒಂದು ಅಂಗ ಇದೆ. ಕನ್ನಡದಲ್ಲಿ ಗುಲ್ಮ, ಆಸ್ಪತ್ರೆಯ ಮಾತಿನಲ್ಲಿ ಸ್ಪ್ಲೀನ್. ತುಂಬ ರಕ್ತವನ್ನು ಹಿಡಿದಿಟ್ಟುಕೊಂಡಿರುವ ಮೆತ್ತನೆಯ ಅಂಗ. ಅದು ಬಿರಿದರೆ ರಕ್ತ ಹೊರಗೆ ಬರುವುದಿಲ್ಲ, ಹೊಟ್ಟೆಯೊಳಗೇ ಸೇರುತ್ತದೆ. ಮೇಲಕ್ಕೆ ತಾಗಿದಾಗ ನೋವು ಹೆಗಲಲ್ಲಿ ಕಾಣಿಸುತ್ತದೆ. ದೊಡ್ಡವರಾದರೆ ಬೇಗ ಬಿಳಿಚಿಕೊಂಡು ಬೀಳುತ್ತಾರೆ. ಮಕ್ಕಳು ಹಾಗಲ್ಲ. ಅವರ ಪುಟ್ಟ ಹೃದಯ ಇನ್ನಷ್ಟು ಬೇಗ ಬೇಗ ಬಡಿದು ಎಲ್ಲವನ್ನೂ ಸರಿಯಿರುವಂತೆ ಕಾಣಿಸುತ್ತದೆ. ರಕ್ತದೊತ್ತಡ ಕೂಡ ಸರಿಯಾಗಿಯೇ ಇರುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ. ದುಗ್ಗಕ್ಕ ನಾಡಿಯನ್ನು ಬಿಟ್ಟು ಬೇರೆ ಯಾವುದನ್ನೂ ಸುಲಭಕ್ಕೆ ನಂಬದಿರುವುದು ಇದಕ್ಕೇ.

ಪುತ್ತೂರಿನ ಸರ್ಜನ್ ಡಾಕ್ಟರ್ ವಿಷ್ಣುಪ್ರಸಾದ್ ಮಂಗಳವಾರ ಮತ್ತು ಶುಕ್ರವಾರ ಈ ಆಸ್ಪತ್ರೆಗೆ ಬರುತ್ತಾರೆ. ಆ ದಿನ ಅವರು ಮೇಲಿನ ಮಹಡಿಯಲ್ಲೇ ಇದ್ದದ್ದು ಮಗುವಿನ ಪುಣ್ಯ. ಐದು ನಿಮಿಷದಲ್ಲಿ ಕೈಗೆ ಸಲೈನ್ ಏರಿತು, ಹೊಟ್ಟೆಯ ಮೇಲೆ ಸ್ಕ್ಯಾನ್ ಕಡ್ಡಿ ಓಡಿತು. ಪರದೆಯಲ್ಲಿ ಗುಲ್ಮದ ಸುತ್ತ ಒಂದು ಕಪ್ಪು ಅಂಚು ಕಾಣಿಸಿತು. ರಕ್ತ.

"ಸ್ಪ್ಲೀನ್ ಒಡೆದಿದೆ" ಎಂದರು ಡಾಕ್ಟರು. "ಥಿಯೇಟರ್ ರೆಡಿ ಇದೆ, ಅರಿವಳಿಕೆಯವರೂ ಇದ್ದಾರೆ. ತೆಗೆದುಬಿಡುವ. ಒಂದು ಗಂಟೆಯ ಕೆಲಸ."

ದೇರಣ್ಣ ಕೈಮುಗಿದರು. "ಇಲ್ಲೇ ಮಾಡಿ ಡಾಕ್ಟ್ರೆ. ನಿಮ್ಮ ಕೈಗುಣ ನಮಗೆ ಗೊತ್ತುಂಟು. ನನ್ನ ಹರ್ನಿಯಾ ನೀವೇ ಅಲ್ವಾ ಮಾಡಿದ್ದು?"

ವಿಷ್ಣುಪ್ರಸಾದ್ ಒಳ್ಳೆಯ ಸರ್ಜನ್. ಅದರಲ್ಲಿ ದುಗ್ಗಕ್ಕನಿಗೆ ಅನುಮಾನವಿರಲಿಲ್ಲ. ಆದರೂ ದುಗ್ಗಕ್ಕ ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟು ಹೇಳಿದರು:

"ಡಾಕ್ಟ್ರೆ, ಒಂದು ಮಾತು. ಇವಳನ್ನು ಮಂಗಳೂರಿಗೆ ಕಳಿಸುವ."

ಹಿಂದಿನಿಂದ ಒಬ್ಬ ನೆಂಟ "ನಾನು ಹೇಳಿರ್ಲಿಲ್ವಾ, ಬಸ್ಸಿಗೆ ಹತ್ತಿಸ್ತಾರೆ ಅಂತ" ಎಂದು ಗೊಣಗಿದ.

"ಎಪ್ಪತ್ತೈದು ಕಿಲೋಮೀಟರ್ ದುಗ್ಗಕ್ಕ" ಎಂದರು ಡಾಕ್ಟರು. ಸ್ವರದಲ್ಲಿ ಸ್ವಲ್ಪ ಬೇಸರವಿತ್ತು. "ನನ್ನ ಕೈಯ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಕೈಯ ಮೇಲೆ ನಂಬಿಕೆ ಉಂಟು. ನಮ್ಮ ಕಣ್ಣಿನ ಮೇಲೆ ಇಲ್ಲ."

ಡಾಕ್ಟರು ಅವರನ್ನೇ ನೋಡಿದರು. ದುಗ್ಗಕ್ಕ ಸ್ವರ ಏರಿಸದೆ ಮುಂದುವರಿಸಿದರು.

"ಒಂದು ಗಂಟೆಯಲ್ಲಿ ನೀವು ಮುಗಿಸ್ತೀರಿ. ಸಂಜೆ ಪುತ್ತೂರಿಗೆ ಹೋಗ್ತೀರಿ. ಆಮೇಲೆ? ರಾತ್ರಿ ಎರಡು ಗಂಟೆಗೆ ಇವಳ ನಾಡಿ ನೋಡುದು ಯಾರು? ಹದಿನೆಂಟು ಹಾಸಿಗೆಗೆ ಇಬ್ಬರು ಹುಡುಗಿಯರು, ಅದರಲ್ಲಿ ಒಬ್ಬಳು ಹೆರಿಗೆ ಕೋಣೆಯಲ್ಲಿ. ಮಗುವಿನ ಅಳತೆಯ ವೆಂಟಿಲೇಟರ್ ನಮ್ಮಲ್ಲಿ ಇಲ್ಲ. ರಕ್ತ ಬೇಕಾದ್ರೆ ಪುತ್ತೂರಿನಿಂದ ಬರ್ಬೇಕು. ಅಲ್ಲಿ ಒಂದು ಮಗುವಿಗೆ ಒಬ್ಬಳು ನರ್ಸು, ಗಂಟೆಗೊಮ್ಮೆ ರಕ್ತ ಪರೀಕ್ಷೆ, ಪಕ್ಕದ ಕೋಣೆಯಲ್ಲಿ ಮಕ್ಕಳದ್ದೇ ಸರ್ಜನ್. ಇಂಥ ಹೊಟ್ಟೆಯನ್ನು ನಾವು ಎರಡು ವರ್ಷಕ್ಕೊಮ್ಮೆ ನೋಡುದು. ಅವರು ತಿಂಗಳಿಗೆ ನಾಲ್ಕು ನೋಡ್ತಾರೆ. ಒಂಬತ್ತು ವರ್ಷ ನಾನು ಅಲ್ಲಿ ಕಂಡದ್ದು ಅದನ್ನೇ. ಮಗು ಉಳಿಯುದು ಕತ್ತಿಯಿಂದ ಮಾತ್ರ ಅಲ್ಲ ಡಾಕ್ಟ್ರೆ. ಆಮೇಲಿನ ಮೂರು ದಿನದಿಂದ."

"ದಾರಿಯಲ್ಲಿ ಕುಸಿದ್ರೆ?"

ಇದೇ ನಿಜವಾದ ಪ್ರಶ್ನೆ. ಮಗುವಿನ ಜೀವ ದಾರಿಯಲ್ಲೇ ಹೋದರೆ, ಸರ್ಜನ್ ಇದ್ದ ಆಸ್ಪತ್ರೆಯಿಂದ ದುಗ್ಗಕ್ಕನೇ ಅವಳನ್ನು ಹೊರಡಿಸಿದರು ಎಂದು ಊರು ಹೇಳುತ್ತದೆ. ಊರು ಹೇಳುವುದು ಹೇಗೂ ಇರಲಿ, ಮಗು ಹೋಗಿರುತ್ತದೆ.

ದುಗ್ಗಕ್ಕ ಮತ್ತೆ ಮಣಿಕಟ್ಟು ಹಿಡಿದರು. ಎಲ್ಲರೂ ಗಡಿಯಾರ ನೋಡಿದರು. ಸಲೈನ್ ಅರ್ಧ ಇಳಿದಿತ್ತು.

"ನೂರ ಇಪ್ಪತ್ತೆಂಟು" ಎಂದರು. "ಇಳಿದಿದೆ. ಸಲೈನಿಗೆ ಮಾತು ಕೇಳ್ತಾ ಉಂಟು. ಇಳಿಯದಿದ್ರೆ ನಾನೇ ಥಿಯೇಟರಿಗೆ ತಳ್ಳಿಕೊಂಡು ಹೋಗ್ತಿದ್ದೆ. ಈಗ ಹೋಗಬಹುದಾದ ಹೊತ್ತು. ಇನ್ನೊಂದು ಗಂಟೆ ಬಿಟ್ರೆ ಹೋಗ್ಲಿಕ್ಕೂ ಆಗುದಿಲ್ಲ, ಇಟ್ಟುಕೊಳ್ಳಲಿಕ್ಕೂ ಆಗುದಿಲ್ಲ."

ವಿಷ್ಣುಪ್ರಸಾದ್ ತಾವೂ ಒಮ್ಮೆ ನಾಡಿ ಮುಟ್ಟಿ ನೋಡಿದರು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೈಗವಸು ಕಳಚಿ ಬುಟ್ಟಿಗೆ ಹಾಕಿ ಹೇಳಿದರು: "ನೀವು ಜೊತೆಗೆ ಹೋಗ್ತೀರಾದ್ರೆ ಕಳಿಸುವ. ನೂರೈವತ್ತು ದಾಟಿದ್ರೆ ನಂಗೆ ಫೋನ್ ಮಾಡಿ. ಮಂಗಳೂರಿಗೆ ನಾನು ಮಾತಾಡ್ತೇನೆ."

ದುಗ್ಗಕ್ಕ ಮಗುವನ್ನು ಬರಿಗೈಯಲ್ಲಿ ಕಳಿಸುವವರಲ್ಲ. ಹೊರಡುವ ಮೊದಲಿನ ಇಪ್ಪತ್ತು ನಿಮಿಷ ತಮ್ಮ ಆಸ್ಪತ್ರೆಯದ್ದು ಎನ್ನುತ್ತಾರೆ. ಆ ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಕೈಗೂ ಸೂಜಿ ಏರಿಸಿ ಟೇಪು ಸುತ್ತಿದರು. ಕಂಬಳಿ ಹೊದೆಸಿದರು. ಆಮ್ಲಜನಕದ ಸಿಲಿಂಡರ್ ತಟ್ಟಿ ನೋಡಿದರು. ಜೀಪಿನಲ್ಲಿ ಬಂದವರನ್ನು ಸಾಲಾಗಿ ನಿಲ್ಲಿಸಿ ರಕ್ತದ ಗುಂಪು ಕೇಳಿದರು. ಹೊಂದುವವರು ಮೂವರು ಸಿಕ್ಕಿದರು. ಗೊಣಗಿದ ನೆಂಟನೂ ಅವರಲ್ಲೊಬ್ಬ.

"ನೀವು ಮೂರು ಜನ ಈಗಲೇ ಜೀಪಿನಲ್ಲಿ ಹೊರಡಿ. ನಮ್ಮ ಹಿಂದೆ ಅಲ್ಲ, ನಮ್ಮ ಮುಂದೆ. ಅಲ್ಲಿ ರಕ್ತನಿಧಿಯ ಬಾಗಿಲಲ್ಲಿ ಕೂತುಕೊಳ್ಳಿ."

"ತಿಂಡಿ ಆಗ್ಲಿಲ್ಲ ಅಕ್ಕ."

"ಕೆಳಗೆ ಬೇಕರಿ ಉಂಟು. ಬನ್ ಹಿಡ್ಕೊಂಡು ಜೀಪಿನಲ್ಲಿ ತಿನ್ನಿ. ಖಾಲಿ ಹೊಟ್ಟೆಯವರ ರಕ್ತ ಅವರು ತೆಗೆಯುದಿಲ್ಲ."

ಕೊನೆಗೆ ದೇರಣ್ಣನ ಕಡೆ ತಿರುಗಿ, ಅವರಿಬ್ಬರ ಮನೆಮಾತಾದ ಅರೆಭಾಷೆಯಲ್ಲಿ ಮೆಲ್ಲಗೆ ಕೇಳಿದರು, ಮಗುವಿಗೆ ಬೆಲ್ಲ ನೀರು ಕೊಟ್ಟದ್ದು ಸರಿಯಾಗಿ ಎಷ್ಟು ಗಂಟೆಗೆ ಎಂದು. ಹೊಟ್ಟೆಯಲ್ಲಿ ನೀರಿದ್ದರೆ ಅರಿವಳಿಕೆಗೆ ತೊಂದರೆ, ಹಾಗಾಗಿ ಅದನ್ನೂ ಚೀಟಿಯಲ್ಲಿ ಬರೆಯಬೇಕಿತ್ತು. ಮುದುಕರ ಮುಖ ಇಳಿದುಹೋಯಿತು. "ನಾನು ಕೊಟ್ಟದ್ದು ತಪ್ಪಾಯ್ತಾ?" ಎಂದರು. ಅವರ ದೊಡ್ಡ ಕೈ ಬೈರಾಸಿನ ತುದಿಯನ್ನು ಹಿಂಡುತ್ತಿತ್ತು.

"ಕೊಟ್ಟದ್ದು ಪ್ರೀತಿಗೆ. ತಪ್ಪು ಅಂತ ಯಾರು ಹೇಳಿದ್ರು? ಗಂಟೆ ಹೇಳಿ ಸಾಕು."

ಹನ್ನೊಂದು ಐದಕ್ಕೆ ಆಂಬುಲೆನ್ಸ್ ಹೊರಟಿತು. ಹಿಂದೆ ಮಗು, ತಾಯಿ, ದುಗ್ಗಕ್ಕ. ಮುಂದೆ ಜಾಸಿರನ ಪಕ್ಕ ದೇರಣ್ಣ. ಜಯಪ್ರಕಾಶ್ ಜೀಪು ಓಡಿಸಿಕೊಂಡು ಆಗಲೇ ಮುಂದೆ ಹೋಗಿದ್ದ. ತಿರುವುಗಳಲ್ಲಿ ಜಾಸಿರ್ ಗಾಡಿಯನ್ನು ಹಾಲಿನ ಪಾತ್ರೆ ಹೊತ್ತವನಂತೆ ಕೊಂಡೊಯ್ದ. ನೇರ ದಾರಿ ಸಿಕ್ಕಲ್ಲಿ ಮಾತ್ರ ಬಿಟ್ಟ.

ಉಪ್ಪಿನಂಗಡಿ ಹತ್ತಿರವಾಯಿತು. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಪುತ್ತೂರಿಗೆ, ಒಂದು ಮಂಗಳೂರಿಗೆ. ದೇರಣ್ಣ ಕೆಮ್ಮಿದರು.

"ಜಾಸಿರ್, ಪುತ್ತೂರಿಗೆ ತಿರುಗಿಸು. ಐದು ನಿಮಿಷ ಸಾಕು. ನಮ್ಮ ಶ್ಯಾಮ ಡಾಕ್ಟ್ರಿಗೆ ಒಮ್ಮೆ ತೋರಿಸಿ ಹೋಗುವ."

ಜಾಸಿರ್ ಕನ್ನಡಿಯಲ್ಲಿ ದುಗ್ಗಕ್ಕನ ಕಡೆ ನೋಡಿದ.

"ಯಾಕೆ ಮಾವ?" ಎಂದರು ದುಗ್ಗಕ್ಕ.

"ಯಾಕೆ ಅಂದ್ರೆ ಎಂತ? ನಲವತ್ತು ವರ್ಷದಿಂದ ನಮ್ಮ ಮನೆಗೆ ಅವರೇ ಡಾಕ್ಟ್ರು. ಜಯಪ್ರಕಾಶನ ಟೈಫಾಯ್ಡ್ ಗುಣ ಮಾಡಿದ್ದು ಅವರು. ಅವರಿಗೆ ಹೇಳದೆ ಮಂಗಳೂರಿಗೆ ಹೋದ್ರೆ ಬೇಜಾರು ಮಾಡಿಕೊಳ್ತಾರೆ. ನಾಳೆ ಯಾವ ಮುಖ ಇಟ್ಟುಕೊಂಡು ಹೋಗುದು?"

ಈ ದಾಕ್ಷಿಣ್ಯ ದುಗ್ಗಕ್ಕನಿಗೆ ಚೆನ್ನಾಗಿ ಗೊತ್ತು. ಈ ಕಡೆಯ ಒಳ್ಳೆಯ ಮನೆತನದವರೆಲ್ಲರೂ ಅದನ್ನು ಹೊತ್ತುಕೊಂಡೇ ಓಡಾಡುತ್ತಾರೆ. ಪೆಟ್ಟಾದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಪರಿಚಯದ ಒಂದು ಬಾಗಿಲು, ನೆಂಟರು ಹೇಳಿದ ಇನ್ನೊಂದು ಬಾಗಿಲು ಎಂದು ಇಳಿದು ಹತ್ತಿ, ಪ್ರತಿ ಬಾಗಿಲಲ್ಲೂ ಅರ್ಧ ಗಂಟೆ ಬಿಟ್ಟು ಬರುತ್ತಾರೆ. ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಹಾಗೆ ತಡವಾಗಿ ಬಂದ ಮಕ್ಕಳನ್ನು ಅವರು ಬಾಗಿಲಲ್ಲಿ ಎದುರುಗೊಂಡಿದ್ದರು. ಕೆಲವರನ್ನು ಒಳಗೆ ಕರೆದೊಯ್ಯುವ ಕೆಲಸವೇ ಇರಲಿಲ್ಲ.

ಜಗಳ ಮಾಡಲಿಲ್ಲ. ಫೋನ್ ತೆಗೆದು ಶ್ಯಾಮ ಡಾಕ್ಟರಿಗೇ ಕರೆ ಮಾಡಿ, ವಿಷಯವನ್ನು ಮೂರು ಮಾತಿನಲ್ಲಿ ಹೇಳಿ, ಸ್ಪೀಕರ್ ಹಾಕಿ ಮುಂದಕ್ಕೆ ಚಾಚಿದರು. "ಮಾತಾಡಿ ಮಾವ. ಹೇಳದೆ ಹೋದದ್ದು ಅಂತ ಆಗುದು ಬೇಡ."

"ದೇರಣ್ಣ!" ಫೋನಿನಿಂದ ಮುದಿ ಸ್ವರವೊಂದು ಗುಡುಗಿತು. "ಎಲ್ಲಿದ್ದೀರಿ ನೀವು?"

"ಉಪ್ಪಿನಂಗಡಿಯಲ್ಲಿ ಡಾಕ್ಟ್ರೆ. ಒಮ್ಮೆ ನಿಮ್ಮಲ್ಲಿಗೆ ಬಂದು..."

"ಬಂದ್ರೆ ಬಾಗಿಲು ತೆಗೆಯುದಿಲ್ಲ! ನನ್ನ ಹತ್ರ ಎಂತ ಉಂಟು ಮಾರಾಯ್ರೆ, ಸ್ಟೆಥಾಸ್ಕೋಪೂ ಹಳೇ ಕುರ್ಚಿಯೂ. ಆ ಸಿಸ್ಟರ್ ಹೇಳಿದ ಹಾಗೆ ಮಾಡಿ. ಹುಷಾರಾಗಿ ಬಂದ ಮೇಲೆ ಮಗುವನ್ನು ತಂದು ತೋರಿಸಿ, ಚಾಕಲೇಟ್ ನಾನು ಕೊಡ್ತೇನೆ. ಹೊರಡಿ, ಹೊರಡಿ."

ಜಾಸಿರ್ ಆಗಲೇ ಮಂಗಳೂರಿನ ದಾರಿ ಹಿಡಿದಾಗಿತ್ತು. ದೇರಣ್ಣ ಬೈರಾಸಿನಿಂದ ಮುಖ ಒರೆಸಿಕೊಂಡು, "ಹಾಗಾದ್ರೆ ಅವರಿಗೆ ಬೇಜಾರಿಲ್ಲ" ಎಂದು ಯಾರಿಗೋ ಹೇಳುವಂತೆ ಹೇಳಿದರು. ಹೆಗಲಿನಿಂದ ಏನೋ ಇಳಿಸಿದವರಂತೆ ಸೀಟಿಗೆ ಒರಗಿದರು.

ಮಾಣಿ ಪೇಟೆ ದಾಟಿದ ಮೇಲೆ ನಾಡಿ ಏರತೊಡಗಿತು. ನೂರ ಮೂವತ್ತಾರು. ನೂರ ನಲವತ್ತು. ದುಗ್ಗಕ್ಕ ಎರಡನೇ ಸಲೈನನ್ನೂ ಪೂರ್ತಿ ತೆರೆದು ಬಿಟ್ಟರು, ಮಗುವಿನ ಕಾಲ ಕೆಳಗೆ ಮಡಿಸಿದ ಕಂಬಳಿ ಇಟ್ಟರು. ಮಗುವಿನ ತುಟಿ ಒಣಗಿತ್ತು.

"ಅಮ್ಮ, ನೀರು."

ಸಮನ್ವಿತಾಳ ಕೈ ತನ್ನಷ್ಟಕ್ಕೇ ಚೀಲದ ಬಾಟಲಿಗೆ ಹೋಯಿತು. ದುಗ್ಗಕ್ಕ ಆ ಕೈಯನ್ನು ಹಿಡಿದು, ಅದೇ ಬಾಟಲಿಯ ನೀರಿನಲ್ಲಿ ಹತ್ತಿ ಅದ್ದಿ ಅವಳ ಕೈಗೇ ಕೊಟ್ಟರು. "ತುಟಿಗೆ ಒತ್ತು. ಕುಡಿಸುದು ಬೇಡ." ತಾಯಿಗೆ ಮಾಡಲು ಒಂದು ಕೆಲಸ ಸಿಕ್ಕಿತು. ಬಿ.ಸಿ. ರೋಡ್ ತನಕ ಅವಳು ಆ ಹತ್ತಿಯನ್ನು ಹಣೆಗೆ ಚಂದನ ಇಡುವಷ್ಟು ಮೆತ್ತಗೆ ಮಗಳ ತುಟಿಗೆ ಒತ್ತುತ್ತಿದ್ದಳು.

"ಪುಟ್ಟಿ, ನಿನ್ನ ಸೈಕಲಿನ ಬಣ್ಣ ಯಾವುದು?"

"ಕೆಂಪು."

"ಗಂಟೆ ಉಂಟಾ?"

"ಉಂಟು. ಅಜ್ಜ ಹಾಕಿಸಿದ್ದು."

"ಹೇಗೆ ಶಬ್ದ ಮಾಡ್ತದೆ?"

ಮಗು ಸ್ವಲ್ಪ ಯೋಚಿಸಿ, ತುಂಬ ಸಣ್ಣ ಸ್ವರದಲ್ಲಿ "ಟ್ರಿಣ್" ಎಂದಿತು. ಮುಂದಿನ ಸೀಟಿನಲ್ಲಿ ದೇರಣ್ಣ ಕಿಟಕಿಯ ಕಡೆ ತಿರುಗಿ ಕೂತರು. ನಾಡಿ ನೂರ ಮೂವತ್ತೆರಡಕ್ಕೆ ಇಳಿದು ಅಲ್ಲೇ ನಿಂತಿತು. ಮಂಗಳೂರಿನ ಪಂಪ್‌ವೆಲ್ ವೃತ್ತ ಬರುವಾಗ ಗಂಟೆ ಹನ್ನೆರಡೂ ಮುಕ್ಕಾಲು.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು, ನರ್ಸು ಸೇರಿ ಏಳು ಜನ ಕಾಯುತ್ತಿದ್ದರು. ದುಗ್ಗಕ್ಕ ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದರು: ಎಷ್ಟು ಗಂಟೆಗೆ ಬಿದ್ದದ್ದು, ಏನು ಕಂಡದ್ದು, ಏನು ಕೊಟ್ಟದ್ದು, ನಾಡಿ ಹೇಗೆ ಏರಿಳಿದದ್ದು. ಐದನೆಯದಾಗಿ, "ಎಂಟೂ ಮುಕ್ಕಾಲಿಗೆ ಬೆಲ್ಲ, ನೀರು." ಚಿಕ್ಕ ಪ್ರಾಯದ ಡಾಕ್ಟರೊಬ್ಬ ನಗದೆ ಅದನ್ನೂ ಬರೆದುಕೊಂಡ. ಮಂಚ ಒಳಗೆ ಹೋಯಿತು. ಮೂವರು ರಕ್ತದಾನಿಗಳು ರಕ್ತನಿಧಿಯ ಬಾಗಿಲಲ್ಲಿ, ಬನ್ನಿನ ಪುಡಿ ಅಂಗಿಯ ಮೇಲೆ ಇರುವಂತೆಯೇ, ಸಾಲಾಗಿ ಕೂತಿದ್ದರು.

ದುಗ್ಗಕ್ಕ ಖಾಲಿ ಆಂಬುಲೆನ್ಸಿನಲ್ಲಿ ಕಡಬಕ್ಕೆ ಮರಳಿದರು. ಸಂಜೆ ಒಂದು ಹೆರಿಗೆ ಇತ್ತು.

ಶನಿವಾರ ದೇರಣ್ಣನ ಫೋನ್ ಬಂತು.

"ದುಗ್ಗಮ್ಮ, ಇವರು ಇನ್ನೂ ಎಂತದೂ ಮಾಡ್ಲಿಲ್ಲ!"

"ಮಗು ಹೇಗುಂಟು?"

"ಮಲಗಿದೆ. ಅದಕ್ಕೆ ಏನೇನೋ ವಯರ್ ಸಿಕ್ಕಿಸಿದ್ದಾರೆ. ದೊಡ್ಡ ಯಂತ್ರದೊಳಗೆ ಹಾಕಿ ತೆಗೆದ್ರು. ರಕ್ತ ಕೊಟ್ಟರು, ನಮ್ಮವರು ಕೊಟ್ಟದ್ದರ ಬದಲಿಗೆ ಅಲ್ಲಿ ಇದ್ದದ್ದು. ಆಪರೇಷನ್ ಯಾವಾಗ ಅಂತ ಕೇಳಿದ್ರೆ 'ನೋಡುವ' ಅಂತಾರೆ. ಒಬ್ಬ ನೋಡಿ ಹೋಗ್ತಾನೆ, ಇನ್ನೊಬ್ಬಳು ಬಂದು ನೋಡ್ತಾಳೆ. ಬರೀ ನೋಡುದೇ!"

"ನೋಡ್ಲಿ ಮಾವ."

ಭಾನುವಾರ ಮತ್ತೆ ಬಂತು. ಬೆಳಗ್ಗೆ ರಕ್ತದ ಅಂಶ ಸ್ವಲ್ಪ ಇಳಿದಿತ್ತಂತೆ. ಥಿಯೇಟರಿನ ಬಾಗಿಲಿನವರೆಗೆ ಕೊಂಡೊಯ್ದು ಅಲ್ಲೇ ಪಕ್ಕದಲ್ಲಿ ಇಟ್ಟುಕೊಂಡು ಕಾದರಂತೆ. ಎರಡು ಗಂಟೆಯ ಮೇಲೆ ಇಳಿಯುವುದು ನಿಂತಿತಂತೆ. ವಾಪಸು ತಂದರಂತೆ. "ಕೊಯ್ಯುದಾದ್ರೆ ಕೊಯ್ಯಲಿ, ಇಲ್ಲದಿದ್ರೆ ಇಲ್ಲ ಅಂತ ಹೇಳಲಿ. ಇದೆಂತ ಕೆಲಸ ದುಗ್ಗಮ್ಮ?"

ದುಗ್ಗಕ್ಕ ವಾರ್ಡಿನ ಹೊರಗೆ ಬಂದು ನಿಂತರು. "ಮಾವ, ಅವರಿಗೆ ಕೊಯ್ಯಲಿಕ್ಕೆ ಗೊತ್ತುಂಟು. ಅದು ಸುಲಭ. ಕೊಯ್ಯದೆ ಕಾಯುದಕ್ಕೆ ಹತ್ತು ಜನ ಬೇಕು, ಹಗಲೂ ರಾತ್ರಿಯೂ. ಬೇಕಾದ ಗಳಿಗೆಯಲ್ಲಿ ಬಾಗಿಲು ತೆಗೆದು ಒಳಗೆ ಹೋಗುವ ಹಾಗಿರ್ಬೇಕು. ನಮ್ಮಲ್ಲಿ ಇಲ್ಲದ್ದು ಅದೇ. ಅದಕ್ಕೇ ಕಳಿಸಿದ್ದು."

"ಊಟ ಮಾಡಿದೆಯಾ?" ಎಂದು ಕೇಳಿ ದೇರಣ್ಣ ಫೋನ್ ಇಟ್ಟರು.

ಎರಡನೇ ಶುಕ್ರವಾರ ಜೀಪು ಮತ್ತೆ ಬೇಕರಿಯ ಮುಂದೆ ನಿಂತಿತು. ಈ ಬಾರಿ ಹನ್ನೊಂದು ಜನ. ಭವಿತಾ ತಂದೆಯ ಹೆಗಲ ಮೇಲಿದ್ದಳು. ಓಡಬಾರದು, ಮೂರು ತಿಂಗಳು ಸೈಕಲ್ ಮುಟ್ಟಬಾರದು ಎಂದು ಹೇಳಿ ಕಳಿಸಿದ್ದರು. ಡಾಕ್ಟರ್ ವಿಷ್ಣುಪ್ರಸಾದ್ ಕೆಳಗಿಳಿದು ಬಂದು ಮಗುವಿನ ಫ್ರಾಕ್ ಸರಿಸಿ ನೋಡಿದರು. ಕೆಂಪು ವೃತ್ತ ಹಳದಿಯಾಗಿ ಮಾಯುತ್ತಿತ್ತು. ಹೊಟ್ಟೆಯ ಮೇಲೆ ಒಂದು ಹೊಲಿಗೆಯೂ ಇರಲಿಲ್ಲ.

ಅವರು ಮಂಗಳೂರಿನ ಕಾಗದಗಳನ್ನು ನಿಂತಲ್ಲೇ ಓದಿದರು. ಎರಡನೇ ಪುಟವನ್ನು ಎರಡು ಸಲ ಓದಿದರು.

"ನಾನಾಗಿದ್ರೆ ತೆಗೆದುಬಿಡ್ತಿದ್ದೆ ದುಗ್ಗಕ್ಕ" ಎಂದರು. "ಮಗು ಬದುಕಿದ್ರೂ ಸ್ಪ್ಲೀನ್ ಇರ್ತಿರ್ಲಿಲ್ಲ. ಜೀವಮಾನವಿಡೀ ಸೋಂಕಿಗೆ ಹೆದರಿಕೊಂಡು ಇರ್ಬೇಕಿತ್ತು."

"ಇಲ್ಲಿ ನೀವು ಬೇರೆ ಎಂತ ಮಾಡ್ಲಿಕ್ಕೆ ಆಗ್ತಿತ್ತು ಡಾಕ್ಟ್ರೆ? ಇಲ್ಲಿ ತೆಗೆಯುದೇ ಸರಿ. ಅಲ್ಲಿ ಕಾಯುದು ಸರಿ."

ಡಾಕ್ಟರು ನಕ್ಕು ಕಾಗದಗಳನ್ನು ಜಯಪ್ರಕಾಶನ ಕೈಗೆ ಕೊಟ್ಟರು. ದುಗ್ಗಕ್ಕನ ಬೆರಳು ಮಗುವಿನ ಮಣಿಕಟ್ಟಿನಲ್ಲಿತ್ತು. ಎಂಬತ್ತೆಂಟು. ಈ ಸಲ ಮಗು ಸುಮ್ಮನಿರಲಿಲ್ಲ. ಐಸಿಯುವಿನ ನರ್ಸಿನ ಹೆಸರು, ಪಕ್ಕದ ಹಾಸಿಗೆಯ ಮಗುವಿನ ಗೊಂಬೆ, ಬೆರಳಿಗೆ ಸಿಕ್ಕಿಸುವ ಕೆಂಪು ದೀಪ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳತೊಡಗಿತು. ದುಗ್ಗಕ್ಕ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು.

ಹೊರಗಿನ ಬೆಂಚಿನಲ್ಲಿ ದೇರಣ್ಣನ ಸ್ವರ ಏರಿತ್ತು. ಸುತ್ತ ಕೂತ ರೋಗಿಗಳಿಗೆಲ್ಲ ಅವರು ಕತೆ ಹೇಳುತ್ತಿದ್ದರು. "ಏಳು ದಿನ! ಒಂದು ಸೂಜಿಮೊನೆಯಷ್ಟೂ ಕೊಯ್ಯಲಿಲ್ಲ ಮಾರಾಯ್ರೆ. ಎಂತದೂ ಮಾಡ್ಲಿಲ್ಲ. ಎಂತದೂ ಮಾಡದೆ ಗುಣ ಮಾಡ್ಲಿಕ್ಕೆ ಎಷ್ಟು ದೊಡ್ಡ ಆಸ್ಪತ್ರೆ ಬೇಕು ಗೊತ್ತುಂಟಾ ನಿಮಗೆ?"

ಅಷ್ಟರಲ್ಲಿ ಒಬ್ಬಾಕೆ ಮಗನನ್ನು ಎತ್ತಿಕೊಂಡು ಇಳಿಜಾರು ಹತ್ತಿ ಬಂದಳು. ಹುಡುಗನ ಹಣೆ ಒಡೆದು ರಕ್ತ ಮೂಗಿನ ತುದಿಗೆ ಇಳಿದಿತ್ತು. ಅವನು ಇಡೀ ಕಟ್ಟಡಕ್ಕೆ ಕೇಳುವಂತೆ ಬೊಬ್ಬೆ ಹಾಕುತ್ತಿದ್ದ. ದೇರಣ್ಣ ಎದ್ದು ನಿಂತರು.

"ಇಲ್ಲಿ ನಿಲ್ಲಬೇಡಮ್ಮ! ಸೀದಾ ಮಂಗಳೂರಿಗೆ ಹೋಗು! ಜಾಸಿರ್ ಎಲ್ಲಿದ್ದಾನೆ?"

ದುಗ್ಗಕ್ಕ ಬಾಗಿಲಿಗೆ ಬಂದರು. ಎರಡು ಬೆರಳು ಹುಡುಗನ ಮಣಿಕಟ್ಟಿಗೆ ಹೋದವು. ಬೊಬ್ಬೆಯನ್ನು ಅರ್ಧ ನಿಮಿಷ ಕೇಳಿದರು. ಕಣ್ಣಿನ ಪಾಪೆ ನೋಡಿದರು, ಗಾಯದ ಅಂಚು ಸರಿಸಿ ನೋಡಿದರು.

"ಕೂತುಕೊಳ್ಳಿ ಮಾವ. ಇಷ್ಟು ಚಂದ ಬೊಬ್ಬೆ ಹಾಕುವವನನ್ನು ಯಾವ ಮಂಗಳೂರಿಗೂ ಕಳಿಸುದು ಬೇಡ." ಹುಡುಗನನ್ನು ತಾಯಿಯ ಸೊಂಟದಿಂದ ತಮ್ಮ ಸೊಂಟಕ್ಕೆ ತೆಗೆದುಕೊಂಡರು. "ನಾಲ್ಕು ಹೊಲಿಗೆ. ಇದು ನಮ್ಮದು."

ಒಳಗೆ ಹೋಗುತ್ತಾ ಅವನ ಹೆಸರು ಕೇಳಿದರು, ಶಾಲೆ ಕೇಳಿದರು, ಟೀಚರು ಪೆಟ್ಟು ಕೊಡ್ತಾರಾ ಎಂದು ಕೇಳಿದರು.